ಕೊನೆಯ ಕೊಡದ ಬೆಲೆ: ತುಷ್ಟಿಗುಣದ ಪಾಠ ಎಡವುವುದೆಲ್ಲಿ?

ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದವರು ಈ ಪಾಠವನ್ನು ಮರೆತಿರಲಾರರು. ಒಬ್ಬ ಅನುಭೋಗಿ ಸೇಬು ತಿನ್ನುತ್ತಾನೆ. ಮೊದಲ ಸೇಬು ಬಹಳ ತೃಪ್ತಿ ಕೊಡುತ್ತದೆ, ಎರಡನೆಯದು ಅದಕ್ಕಿಂತ ಕಡಿಮೆ, ಮೂರನೆಯದು ಇನ್ನೂ ಕಡಿಮೆ. ಐದನೆಯದರಿಂದ ಏನೂ ಸಿಗುವುದಿಲ್ಲ. ಆರನೆಯದು ಹೊಟ್ಟೆ ಕೆಡಿಸುತ್ತದೆ. ಪಕ್ಕದಲ್ಲೊಂದು ಕೋಷ್ಟಕ, ಕೆಳಗೆ ಎರಡು ವಕ್ರರೇಖೆಗಳು. ಒಂದು ಏರಿ ಬಾಗುತ್ತದೆ, ಇನ್ನೊಂದು ಇಳಿಯುತ್ತ ಬಂದು ಅಡ್ಡಗೆರೆಯನ್ನು ದಾಟುತ್ತದೆ. ಒಟ್ಟು ತುಷ್ಟಿಗುಣಕ್ಕೂ ಸೀಮಾಂತ ತುಷ್ಟಿಗುಣಕ್ಕೂ ಇರುವ ಸಂಬಂಧ ಇಷ್ಟೇ ಎಂದು ಪಾಠ ಮುಗಿಯುತ್ತದೆ. ವಿದ್ಯಾರ್ಥಿ ಚಿತ್ರ ಬರೆದು ಅಂಕ ಪಡೆಯುತ್ತಾನೆ.

ಪಾಠದಲ್ಲಿ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೂ ಪಾಠ ಕೆಟ್ಟಿದೆ ಎಂಬುದು ಈ ಲೇಖನದ ವಾದ. ಯಾವುದೋ ಒಂದು ಪುಸ್ತಕದ ಮೇಲಿನ ದೂರು ಇದಲ್ಲ. ಪಠ್ಯಗಳಲ್ಲಿ, ಗೈಡುಗಳಲ್ಲಿ, ತರಗತಿಯ ಟಿಪ್ಪಣಿಗಳಲ್ಲಿ ಒಂದೇ ಅಚ್ಚಿನಲ್ಲಿ ಬರುವ ನಿರೂಪಣೆಯ ವಿಮರ್ಶೆ. ಅದಕ್ಕೆ ಸೇಬನ್ನು ಬಿಟ್ಟು ನೀರನ್ನು ತೆಗೆದುಕೊಳ್ಳೋಣ. ಊರು ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ. ಬೆಟ್ಟದ ಬುಡದ ಈ ಹೋಬಳಿ ಕೇಂದ್ರದ ಸುತ್ತ ಅಡಿಕೆ, ತೆಂಗಿನ ತೋಟಗಳಿವೆ. ತೋಟಗಳ ಕೆಳಗೆ ಕೊಳವೆಬಾವಿಗಳಿವೆ. ಅರ್ಥಶಾಸ್ತ್ರದ ಈ ಪಾಠ ಇಲ್ಲಿ ಪರೀಕ್ಷೆಗೆ ಮಾತ್ರ ಬೇಕಾದದ್ದಲ್ಲ.

ಮೊದಲು ಲೆಕ್ಕ

ನಾಲ್ಕು ಜನರ ಒಂದು ಮನೆಯನ್ನು ಊಹಿಸಿಕೊಳ್ಳಿ. ದಿನಕ್ಕೆ ಬೇಕಾದ ನೀರನ್ನು ಎರಡೆರಡು ಕೊಡಗಳ, ಎಂದರೆ ಸುಮಾರು 30 ಲೀಟರಿನ ಪಾಲುಗಳಾಗಿ ಎಣಿಸೋಣ. ಪ್ರತಿ ಪಾಲಿಗೂ ಆ ಮನೆಯವರು ಎಷ್ಟು ರೂಪಾಯಿ ಬಿಟ್ಟುಕೊಡಲು ಸಿದ್ಧರು ಎಂಬುದೇ ಅದರ ತುಷ್ಟಿಗುಣದ ಅಳತೆ ಎಂದಿಟ್ಟುಕೊಳ್ಳಿ. ಅಂಕಿಗಳು ಲೆಕ್ಕದ ಅನುಕೂಲಕ್ಕೆ ಕಲ್ಪಿಸಿಕೊಂಡವು.

1ನೆಯ ಪಾಲು: ಕುಡಿಯಲು, ಅಡುಗೆಗೆ. ಸೀಮಾಂತ 40, ಒಟ್ಟು 40.
2ನೆಯ ಪಾಲು: ಕೈಕಾಲು ಮುಖ, ಶೌಚ. ಸೀಮಾಂತ 30, ಒಟ್ಟು 70.
3ನೆಯ ಪಾಲು: ಪಾತ್ರೆ ತೊಳೆಯಲು. ಸೀಮಾಂತ 20, ಒಟ್ಟು 90.
4ನೆಯ ಪಾಲು: ಸ್ನಾನ. ಸೀಮಾಂತ 12, ಒಟ್ಟು 102.
5ನೆಯ ಪಾಲು: ಬಟ್ಟೆ ಒಗೆಯಲು. ಸೀಮಾಂತ 7, ಒಟ್ಟು 109.
6ನೆಯ ಪಾಲು: ಅಂಗಳಕ್ಕೆ, ಹೂಗಿಡಕ್ಕೆ. ಸೀಮಾಂತ 3, ಒಟ್ಟು 112.
7ನೆಯ ಪಾಲು: ಬೈಕು ತೊಳೆಯಲು. ಸೀಮಾಂತ 1, ಒಟ್ಟು 113.
8ನೆಯ ಪಾಲು: ಸುಮ್ಮನೆ ಹರಿದದ್ದು. ಸೀಮಾಂತ 0, ಒಟ್ಟು 113.
9ನೆಯ ಪಾಲು: ಮನೆಮುಂದೆ ನಿಂತು ಸೊಳ್ಳೆ ಸಾಕಿದ್ದು. ಸೀಮಾಂತ –1, ಒಟ್ಟು 112.

ಸೀಮಾಂತ ತುಷ್ಟಿಗುಣವೆಂದರೆ ಒಂದು ಪಾಲು ಹೆಚ್ಚಾದಾಗ ಒಟ್ಟಿನಲ್ಲಿ ಆಗುವ ವ್ಯತ್ಯಾಸ. ಒಟ್ಟು ತುಷ್ಟಿಗುಣವೆಂದರೆ ಅಲ್ಲಿಯವರೆಗಿನ ಸೀಮಾಂತಗಳ ಮೊತ್ತ. ಗಣಿತದ ಭಾಷೆಯಲ್ಲಿ ಮೊದಲನೆಯದು ಎರಡನೆಯದರ ಅವಕಲ, ಎರಡನೆಯದು ಮೊದಲನೆಯದರ ಅನುಕಲ. ಸೀಮಾಂತ ಧನವಾಗಿರುವವರೆಗೆ ಒಟ್ಟು ಏರುತ್ತದೆ, ಸೊನ್ನೆಯಾದಾಗ ನಿಲ್ಲುತ್ತದೆ, ಋಣವಾದಾಗ ಇಳಿಯುತ್ತದೆ.

ಸೀಮಾಂತ ಇಳಿಯುತ್ತಿದೆ, ಆದ್ದರಿಂದ ಒಟ್ಟೂ ಇಳಿಯುತ್ತಿದೆ ಎಂದು ಬರೆಯುವ ವಿದ್ಯಾರ್ಥಿಗಳುಂಟು. ಅವರಿಗೆ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನು ತೋರಿಸಬೇಕು. 1907ರಲ್ಲಿ ಪೂರ್ಣಗೊಂಡ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು. ಅನಂತರ 2025ರ ಜನವರಿಯಲ್ಲೂ 130 ಅಡಿ ಮುಟ್ಟಿತು. ಇಂಥ ದಿನಗಳಲ್ಲಿ ಜಿಲ್ಲೆಯ ಜನ ಪತ್ರಿಕೆಯಲ್ಲಿ ಒಳಹರಿವು, ನೀರಿನ ಮಟ್ಟ ಎರಡನ್ನೂ ನೋಡುತ್ತಾರೆ. ನಿನ್ನೆಗಿಂತ ಇಂದು ಒಳಹರಿವು ಕಡಿಮೆ ಎಂದ ಮಾತ್ರಕ್ಕೆ ಜಲಾಶಯದ ಮಟ್ಟ ಇಳಿಯಿತೆಂದು ಯಾರೂ ತಿಳಿಯುವುದಿಲ್ಲ. ಮಟ್ಟ ಏರುತ್ತಲೇ ಇದೆ, ಏರುವ ವೇಗ ಮಾತ್ರ ತಗ್ಗಿದೆ. ಹೊರಹರಿವು ಒಳಹರಿವಿಗೆ ಸಮನಾದ ದಿನ ಮಟ್ಟ ನಿಲ್ಲುತ್ತದೆ, ಮೀರಿದ ದಿನ ಇಳಿಯುತ್ತದೆ. ಒಳಹರಿವಿನಿಂದ ಹೊರಹರಿವನ್ನು ಕಳೆದರೆ ಸೀಮಾಂತ, ಸಂಗ್ರಹವೇ ಒಟ್ಟು.

ಇಷ್ಟರವರೆಗೆ ಪಠ್ಯಕ್ಕೂ ನಮಗೂ ಭಿನ್ನಾಭಿಪ್ರಾಯವಿಲ್ಲ. ತಪ್ಪುಗಳು ಇಲ್ಲಿಂದ ಮುಂದೆ ಕಾಣಿಸುತ್ತವೆ.

ಮೊದಲ ದೋಷ: ಹೊಟ್ಟೆ ತುಂಬುವುದು

ಸೇಬಿನ ಉದಾಹರಣೆ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಜೀರ್ಣಶಕ್ತಿಯ ನಿಯಮವಾಗಿಸಿಬಿಡುತ್ತದೆ. ಒಬ್ಬನೇ ಮನುಷ್ಯ, ಒಂದೇ ಕೂಟ, ಒಂದರ ಹಿಂದೊಂದು ಹಣ್ಣು. ಹೊಟ್ಟೆ ತುಂಬಿತು, ಆಸೆ ಕುಗ್ಗಿತು. ಹೀಗೆ ಕಲಿತ ವಿದ್ಯಾರ್ಥಿ ನಿಯಮವನ್ನು ತಿಂಡಿಗೆ ಮಾತ್ರ ಅನ್ವಯಿಸುತ್ತಾನೆ. ಹಣಕ್ಕೆ, ವಿದ್ಯುತ್ತಿಗೆ, ನೀರಿಗೆ ಹೇಗೆ ಅನ್ವಯಿಸಬೇಕೆಂದು ಕೇಳಿದರೆ ತಡವರಿಸುತ್ತಾನೆ.

ಮೇಲಿನ ಕೋಷ್ಟಕದಲ್ಲಿ ಹೊಟ್ಟೆ ತುಂಬಿದ್ದು ಎಲ್ಲಿಯೂ ಇಲ್ಲ. ಐದನೆಯ ಪಾಲಿನ ನೀರು ಮೊದಲ ಪಾಲಿನ ನೀರಿನಷ್ಟೇ ತಣ್ಣಗಿದೆ, ಅಷ್ಟೇ ತಿಳಿಯಾಗಿದೆ. ಅದರ ಸೀಮಾಂತ ಕಡಿಮೆ ಏಕೆ? ಮನೆಯವರು ಅತಿ ಮುಖ್ಯವಾದ ಕೆಲಸಕ್ಕೆ ಮೊದಲು ನೀರನ್ನು ಕೊಟ್ಟಿದ್ದಾರೆ. ಉಳಿದದ್ದು ಅದಕ್ಕಿಂತ ಕಡಿಮೆ ಮುಖ್ಯವಾದ ಕೆಲಸಗಳಿಗೆ ಹೋಗಿದೆ. ನಿಯಮದ ಬೇರು ಇರುವುದು ಈ ಕ್ರಮದಲ್ಲಿ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಮನೆಗೆ ಬಂದ ಐದು ಪಾಲುಗಳಲ್ಲಿ ಒಂದು ಚೆಲ್ಲಿಹೋಯಿತೆನ್ನಿ. ಚೆಲ್ಲಿದ್ದು ಅಡುಗೆಗೆಂದು ತುಂಬಿಟ್ಟ ನೀರೇ ಆಗಿರಬಹುದು. ಆದರೆ ಅಂದು ಅಡುಗೆ ನಿಲ್ಲುವುದಿಲ್ಲ, ಬಟ್ಟೆ ಒಗೆಯುವುದು ನಾಳೆಗೆ ಹೋಗುತ್ತದೆ. ನಷ್ಟ 7, 40 ಅಲ್ಲ. ಐದರಲ್ಲಿ ಯಾವ ಪಾಲು ಕಳೆದರೂ ನಷ್ಟ ಐದನೆಯದರ ಸೀಮಾಂತವೇ. ಮನೆಯಲ್ಲಿ ಇರುವುದೇ ಒಂದು ಪಾಲಾಗಿ ಅದು ಚೆಲ್ಲಿದರೆ ಮಾತ್ರ ನಷ್ಟ 40. ವಸ್ತು ಒಂದೇ, ಕೊಡ ಒಂದೇ. ಉಳಿದದ್ದು ಎಷ್ಟಿದೆ ಎಂಬುದರ ಮೇಲೆ ಅದರ ಸೀಮಾಂತ ನಿಂತಿದೆ. ನೀರು ಹೊರುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿರುವ ಈ ಸಂಗತಿಯನ್ನು ಸೇಬು ಹೇಳಿಕೊಡಲಾರದು.

ಎರಡನೆಯ ದೋಷ: ಬೆಲೆ ಕಾಣದಿರುವುದು

ಸೀಮಾಂತ ಸೊನ್ನೆಯಾದಾಗ ಒಟ್ಟು ತುಷ್ಟಿಗುಣ ಗರಿಷ್ಠ ಎಂಬ ವಾಕ್ಯಕ್ಕೆ ಪಾಠದಲ್ಲಿ ಎಷ್ಟು ಒತ್ತು ಬೀಳುತ್ತದೆಂದರೆ, ವಿವೇಕಿಯಾದ ಅನುಭೋಗಿ ನಿಲ್ಲುವುದು ಆ ಶಿಖರದ ಮೇಲೆಯೇ ಎಂದು ವಿದ್ಯಾರ್ಥಿ ನಂಬುತ್ತಾನೆ. ಅದು ಸರಿಯಲ್ಲ. ಪಾಲೊಂದಕ್ಕೆ 7 ರೂಪಾಯಿ ಬೆಲೆ ಇದ್ದರೆ ನಮ್ಮ ಮನೆ ಐದನೆಯ ಪಾಲಿಗೆ ನಿಲ್ಲುತ್ತದೆ. 20 ರೂಪಾಯಿ ಇದ್ದರೆ ಮೂರಕ್ಕೇ ನಿಲ್ಲುತ್ತದೆ. ಸೀಮಾಂತ ತುಷ್ಟಿಗುಣ ಬೆಲೆಗೆ ಸಮನಾಗುವವರೆಗೆ ಕೊಳ್ಳುವುದು, ಅಲ್ಲಿ ನಿಲ್ಲುವುದು, ಇದೇ ಸಮತೋಲ. ಶಿಖರದವರೆಗೆ ಹತ್ತುವವನು ಬೆಲೆ ಸೊನ್ನೆ ಇರುವವನೊಬ್ಬನೇ.

ಈ ವಿಚಾರವನ್ನು ಮೊದಲು ನೀರಿನ ಉದಾಹರಣೆಯಿಂದಲೇ ಬಿಡಿಸಿದವನು ಒಬ್ಬ ಎಂಜಿನಿಯರ್. ಫ್ರಾನ್ಸಿನ ಜೂಲ್ಸ್ ಡ್ಯುಪ್ವಿ ಸಾರ್ವಜನಿಕ ಕಾಮಗಾರಿಗಳ ಉಪಯುಕ್ತತೆಯನ್ನು ಅಳೆಯುವುದು ಹೇಗೆ ಎಂಬ ಬಗ್ಗೆ 1844ರಲ್ಲಿ ಬರೆದ ಪ್ರಬಂಧದಲ್ಲಿ, ನಗರದಲ್ಲಿ ನೀರಿನ ದರ ಇಳಿಯುತ್ತ ಹೋದಂತೆ ಅದೇ ನೀರು ಅತ್ಯಗತ್ಯದಿಂದ ಮನೆ ತೊಳೆಯುವುದಕ್ಕೆ, ತೋಟಕ್ಕೆ, ಕೊನೆಗೆ ಅಲಂಕಾರಕ್ಕೆ ಇಳಿಯುವುದನ್ನು ತೋರಿಸಿದ. ಜರ್ಮನಿಯ ಗಾಸೆನ್ 1854ರಲ್ಲಿ ಇದನ್ನು ನಿಯಮವಾಗಿ ಬರೆದ. 1871ರಲ್ಲಿ ಇಂಗ್ಲೆಂಡಿನ ಜೆವೊನ್ಸ್, ಆಸ್ಟ್ರಿಯದ ಮೆಂಗರ್, 1874ರಲ್ಲಿ ವಾಲ್ರಾ, ಮೂವರೂ ಸ್ವತಂತ್ರವಾಗಿ ಇದನ್ನೇ ಮೌಲ್ಯ ಸಿದ್ಧಾಂತದ ತಳಹದಿಯಾಗಿಸಿದರು.

ಅವರು ಬಿಡಿಸಿದ ಒಗಟು ಹಳೆಯದು. ಆಡಂ ಸ್ಮಿತ್ 1776ರಲ್ಲಿ ಅದನ್ನು ಪ್ರಸಿದ್ಧಗೊಳಿಸಿದ್ದ: ಜೀವ ಉಳಿಸುವ ನೀರು ಅಗ್ಗ, ಯಾವ ಉಪಯೋಗಕ್ಕೂ ಬಾರದ ವಜ್ರ ದುಬಾರಿ, ಏಕೆ? ನೀರಿನ ಒಟ್ಟು ತುಷ್ಟಿಗುಣ ಅಪಾರ, ಆದರೆ ಬೆಲೆ ನಿಲ್ಲುವುದು ಕೊನೆಯ ಪಾಲಿನ ಸೀಮಾಂತದ ಮೇಲೆ. ನಮ್ಮ ಕೋಷ್ಟಕದಲ್ಲೇ ನೋಡಿ. ಬೆಲೆ 20 ಇದ್ದಾಗ ಮನೆ ಕೊಡುವುದು 60 ರೂಪಾಯಿ, ಪಡೆಯುವ ತುಷ್ಟಿಗುಣ 90. ಬೆಲೆ 1 ಇದ್ದಾಗ ಕೊಡುವುದು 7, ಪಡೆಯುವುದು 113. ನೀರು ಸಮೃದ್ಧವಾದಂತೆ ಅದರಿಂದಾಗುವ ಹಿತ ಹೆಚ್ಚಿತು, ಅದಕ್ಕೆ ಕೊಟ್ಟ ಹಣ ತಗ್ಗಿತು. ಎರಡರ ನಡುವಿನ ಅಂತರವನ್ನು ಮಾರ್ಷಲ್ ಅನುಭೋಗಿಯ ಮಿಗುತೆ ಎಂದ. ಕೊಟ್ಟ ಹಣವನ್ನು ನೋಡಿ ವಸ್ತುವಿನ ಮಹತ್ವವನ್ನು ಅಳೆಯುವವರು ಎಲ್ಲಿ ತಪ್ಪುತ್ತಾರೆ ಎಂಬುದು ಈ ಎರಡು ಸಾಲುಗಳಲ್ಲಿದೆ.

ಈಗ ರಾಮಗಿರಿಯ ತೋಟಕ್ಕೆ ಬನ್ನಿ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ ಉಚಿತ. ಬಾವಿ ಕೊರೆಸಲು, ಮೋಟರು ಇಳಿಸಲು ರೈತ ಲಕ್ಷಗಟ್ಟಲೆ ಸಾಲ ಮಾಡಿರುತ್ತಾನೆ, ನಿಜ. ಆದರೆ ಅದು ಆಗಿಹೋದ ವೆಚ್ಚ. ಇನ್ನೊಂದು ಗಂಟೆ ಮೋಟರು ಓಡಿದರೆ ಅವನ ಕೈಯಿಂದ ಹೋಗುವುದು ಸೊನ್ನೆ. ಹಾಗಾದರೆ ಸಿದ್ಧಾಂತದ ಪ್ರಕಾರ ಅವನು ಎಲ್ಲಿ ನಿಲ್ಲಬೇಕು? ಸೀಮಾಂತ ಸೊನ್ನೆಯಾಗುವಲ್ಲಿ. ತೋಟದ ನೀರಿನ ಮಟ್ಟಿಗೆ ಇದನ್ನು ಸೀಮಾಂತ ಉತ್ಪನ್ನ ಎನ್ನುವುದು ವಾಡಿಕೆ. ಹೆಸರು ಬೇರೆಯಾದರೂ ಲೆಕ್ಕ ಅದೇ. ತ್ರೀಫೇಸ್ ಕರೆಂಟು ಬಂದೊಡನೆ ತಾನೇ ಶುರುವಾಗಿ, ಹೋದಾಗ ತಾನೇ ನಿಲ್ಲುವ ಮೋಟರಿನಲ್ಲಿ ಪಠ್ಯದ ಶಿಖರಬಿಂದು ಕಣ್ಣಿಗೆ ಕಾಣುತ್ತದೆ.

ಎಷ್ಟು ನೀರು ಸಾಕು ಎಂಬುದಕ್ಕೆ ಅಂದಾಜುಗಳಿವೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಪಾತಿಗೆ ಹಾಯಿಸುವುದಾದರೆ ಬೇಸಿಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ ಮರಕ್ಕೆ ಸುಮಾರು 175 ಲೀಟರ್. ನಾಲ್ಕು ದಿನಕ್ಕೊಮ್ಮೆ ಎಂದು ಹಿಡಿದರೂ ದಿನಕ್ಕೆ 44 ಲೀಟರ್ ಆಯಿತು. ಎರಡರ ನಡುವಿನ 24 ಲೀಟರಿನಿಂದ ಮರಕ್ಕೆ ಸಿಗುವುದು ಬಹಳ ಕಡಿಮೆ. ಬೆಲೆ ಸೊನ್ನೆ ಇದ್ದಲ್ಲಿ ಆ ಬಹಳ ಕಡಿಮೆಯೂ ಲಾಭವೇ. ರೈತನನ್ನು ಅವಿವೇಕಿ ಎಂದು ಬೈಯುವವರು ಕೋಷ್ಟಕವನ್ನು ಮತ್ತೊಮ್ಮೆ ಓದಬೇಕು. ಅವನು ನಡೆಯುತ್ತಿರುವುದು ನಾವು ಕಲಿಸಿದ ಪಾಠದಂತೆಯೇ.

ಮೂರನೆಯ ದೋಷ: ನಾಳೆ ಮತ್ತು ನೆರೆಯವನು

ಸೇಬಿನ ಪಾಠದಲ್ಲಿ ಕಾಲ ಇಲ್ಲ. ಇಂದು ತಿನ್ನದ ಸೇಬು ಏನಾಯಿತೆಂದು ಯಾರೂ ಕೇಳುವುದಿಲ್ಲ. ಬಾವಿಯಲ್ಲಿ ಹಾಗಲ್ಲ. ಚಿತ್ರದುರ್ಗ ಜಿಲ್ಲೆಯ ಅಡಿಯಲ್ಲಿರುವುದು ಗಟ್ಟಿ ಶಿಲೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ ಮಾತ್ರ. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕಾಚಾರಗಳಲ್ಲಿ ಈ ಜಿಲ್ಲೆಯ ತಾಲ್ಲೂಕುಗಳು ಅತಿಬಳಕೆಯ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದಿವೆ. ಡಿಸೆಂಬರಿನಲ್ಲಿ ಎತ್ತಿದ ಕೊನೆಯ ಲೀಟರಿನ ಸೀಮಾಂತ ಸೊನ್ನೆಗೆ ಹತ್ತಿರ. ಅದೇ ಲೀಟರು ನೆಲದಡಿ ಉಳಿದಿದ್ದರೆ ಏಪ್ರಿಲಿನಲ್ಲಿ ಅದರ ಸೀಮಾಂತ ಎಷ್ಟು?

ಇದಕ್ಕೆ ಉತ್ತರ ರಸ್ತೆಯ ಮೇಲೆ ಕಂಡಿದೆ. 2016ರ ನಂತರದ ಬರದ ವರ್ಷಗಳಲ್ಲೂ 2023ರ ಬರದ ಬಳಿಕ ಬಂದ 2024ರ ಬೇಸಿಗೆಯಲ್ಲೂ ಹೊಳಲ್ಕೆರೆ, ಹೊಸದುರ್ಗ, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು ಟ್ಯಾಂಕರಿನಲ್ಲಿ ನೀರು ಕೊಂಡು ತೋಟ ಉಳಿಸಿಕೊಳ್ಳಲು ಹೆಣಗಿದರು. ಅಡಿಕೆ ಫಲ ಕೊಡಲು ಐದರಿಂದ ಏಳು ವರ್ಷ ಬೇಕು. ಮರ ಒಣಗಿದರೆ ಅಷ್ಟೂ ವರ್ಷಗಳ ದುಡಿಮೆ ಹೋಯಿತು. ಹಾಗಾಗಿ ಟ್ಯಾಂಕರಿನವನು ಕೇಳಿದಷ್ಟು ಕೊಟ್ಟರು. ಒಂದೇ ತೋಟ, ಒಂದೇ ರೈತ, ಒಂದೇ ನೀರು. ನಾಲ್ಕು ತಿಂಗಳ ಅಂತರದಲ್ಲಿ ಸೀಮಾಂತ ಸೊನ್ನೆಯಿಂದ ಶಿಖರಕ್ಕೆ ಹಾರಿತು.

ಗಾಸೆನ್‌ನ ಎರಡನೆಯ ನಿಯಮ, ನಮ್ಮ ಪಠ್ಯಗಳ ಸಮ ಸೀಮಾಂತ ತುಷ್ಟಿಗುಣ ನಿಯಮ, ಹೇಳುವುದೇನು? ಒಂದು ಸಂಪನ್ಮೂಲವನ್ನು ಹಲವು ಬಳಕೆಗಳಿಗೆ ಹಂಚುವಾಗ ಪ್ರತಿ ಬಳಕೆಯಲ್ಲೂ ಕೊನೆಯ ಅಂಶದ ತುಷ್ಟಿಗುಣ ಸಮನಾಗಿದ್ದರೆ ಒಟ್ಟು ಗರಿಷ್ಠ. ಪಠ್ಯ ಇದನ್ನು ಸೇಬು, ಕಿತ್ತಳೆಗಳ ನಡುವೆ ಹಂಚಿ ತೋರಿಸುತ್ತದೆ. ಡಿಸೆಂಬರ್, ಏಪ್ರಿಲುಗಳ ನಡುವೆ ಹಂಚಿ ತೋರಿಸಿದ್ದರೆ? ವಿದ್ಯಾರ್ಥಿಗೆ ತನ್ನ ತೋಟದ ಲೆಕ್ಕವೇ ಕೈಗೆ ಸಿಗುತ್ತಿತ್ತು.

ಆದರೆ ರೈತ ಹಾಗೆ ಹಂಚಲಾರ. ತಾನು ಉಳಿಸಿದ ನೀರನ್ನು ಪಕ್ಕದ ತೋಟದ ಆಳದ ಬಾವಿ ಎಳೆದುಕೊಳ್ಳುತ್ತದೆ ಎಂದು ಅವನಿಗೆ ಗೊತ್ತು. ಉಳಿಸಿದವನಿಗೆ ಏಪ್ರಿಲಿನ ಭರವಸೆ ಇಲ್ಲ. ಆದ್ದರಿಂದ ಎಲ್ಲರೂ ಡಿಸೆಂಬರಿನಲ್ಲೇ ಎತ್ತುತ್ತಾರೆ. ಒಂಟಿ ಅನುಭೋಗಿಯ ಗರಿಷ್ಠ ಊರಿನ ಗರಿಷ್ಠವಲ್ಲ ಎಂಬ ಮಾತು ಪಾಠದ ಕೊನೆಯಲ್ಲಿ ಒಂದು ವಾಕ್ಯವಾಗಿಯಾದರೂ ಬರಬೇಕಿತ್ತು.

ನಾಲ್ಕನೆಯ ದೋಷ: ಎಲ್ಲರ ರೂಪಾಯಿ ಒಂದೇ ಎನ್ನುವುದು

ತುಷ್ಟಿಗುಣವನ್ನು ಯುಟಿಲ್‌ಗಳಲ್ಲಿ ಎಣಿಸಲು ಯಾವ ಉಪಕರಣವೂ ಇಲ್ಲ. ಹಿಕ್ಸ್ ಮತ್ತು ಅಲೆನ್ 1934ರಲ್ಲಿ, ಎಣಿಕೆ ಬೇಡ, ಅನುಭೋಗಿ ಯಾವುದಕ್ಕಿಂತ ಯಾವುದನ್ನು ಬಯಸುತ್ತಾನೆ ಎಂಬ ಶ್ರೇಣಿ ಸಾಕು ಎಂದು ತೋರಿಸಿದರು. ಒಂದು ಅಂಶ ಹೆಚ್ಚು ಪಡೆಯಲು ಬೇರೆಯದನ್ನು ಎಷ್ಟು ಬಿಟ್ಟುಕೊಡುತ್ತಾನೆ ಎಂಬುದನ್ನು ಮಾತ್ರ ಕಾಣಬಹುದು. ಆದ್ದರಿಂದಲೇ ನಾವೂ ರೂಪಾಯಿಯ ಅಳತೆ ಹಿಡಿದೆವು. ಈ ಅಳತೆಗೂ ಒಂದು ಕುಂದಿದೆ.

ಚಿತ್ರದುರ್ಗ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬೇರೆ ಮೂಲವಿಲ್ಲದಿದ್ದರೆ ಲೀಟರಿಗೆ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಆದ್ದರಿಂದ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಐದು ರೂಪಾಯಿಗೆ ಒಂದು ಕ್ಯಾನು ಎನ್ನಿ. ತೋಟದ ಯಜಮಾನನೂ ಅವನ ತೋಟದಲ್ಲಿ ಅಡಿಕೆ ಸುಲಿಯುವ ಕೂಲಿಯಾಳೂ ಅದೇ ನಾಣ್ಯ ಹಾಕುತ್ತಾರೆ. ಆದರೆ ಯಜಮಾನನಿಗೆ ಆ ನಾಣ್ಯದ ಸೀಮಾಂತ ತುಷ್ಟಿಗುಣ ಎಷ್ಟು, ಕೂಲಿಯಾಳಿಗೆ ಎಷ್ಟು? ಇಳಿಮುಖದ ನಿಯಮ ಹಣಕ್ಕೂ ಅನ್ವಯಿಸುತ್ತದೆ. ಕೂಲಿಯಾಳು ಕ್ಯಾನು ಕೊಳ್ಳದೆ ನಲ್ಲಿಯ ನೀರನ್ನೇ ಕುಡಿದರೆ, ಅವನಿಗೆ ಶುದ್ಧ ನೀರಿನ ತುಷ್ಟಿಗುಣ ಕಡಿಮೆ ಎಂದು ತೀರ್ಮಾನಿಸಲಾಗದು. ರೂಪಾಯಿಯ ತುಷ್ಟಿಗುಣ ಹೆಚ್ಚು ಎಂದು ತಿಳಿಯಬೇಕು.

ಎರಡು ಘೋಷಣೆಗಳು

ಈ ಗೊಂದಲಗಳು ತರಗತಿಯ ಹೊರಗೂ ಹರಡುತ್ತವೆ. ನೀರಿನ ಬಗ್ಗೆ ನಮ್ಮಲ್ಲಿ ಎರಡು ಘೋಷಣೆಗಳು ಕೇಳಿಬರುತ್ತವೆ. ನೀರು ಜೀವಾಧಾರ, ಆದ್ದರಿಂದ ಅದಕ್ಕೆ ಬೆಲೆ ಕಟ್ಟಬಾರದು ಎಂಬುದು ಒಂದು. ನೀರು ವಿರಳ, ಆದ್ದರಿಂದ ಅದನ್ನು ಮಾರುಕಟ್ಟೆಗೆ ಬಿಡಬೇಕು ಎಂಬುದು ಇನ್ನೊಂದು. ಮೊದಲನೆಯದು ಒಟ್ಟು ತುಷ್ಟಿಗುಣವನ್ನು ತೋರಿಸಿ ಬೈಕು ತೊಳೆಯುವ ಪಾಲಿಗೂ ವಿನಾಯಿತಿ ಕೇಳುತ್ತದೆ. ಎರಡನೆಯದು ಸೀಮಾಂತವನ್ನು ತೋರಿಸಿ ಕುಡಿಯುವ ಪಾಲಿನ ಮೇಲೂ ದರ ಹಾಕುತ್ತದೆ. ಎರಡೂ ಬೇರೆ ಬೇರೆ ದಿಕ್ಕಿನಿಂದ ಬಂದು ಒಂದೇ ತಪ್ಪನ್ನು ಮಾಡುತ್ತವೆ. ಒಟ್ಟು ಮತ್ತು ಸೀಮಾಂತಗಳನ್ನು ಬೆರೆಸಿಬಿಡುತ್ತವೆ.

ಕೋಷ್ಟಕ ತೋರಿಸುವ ದಾರಿ ಬೇರೆ. ಮೊದಲ ಪಾಲುಗಳ ಸೀಮಾಂತ ಎಷ್ಟು ದೊಡ್ಡದೆಂದರೆ ಅವು ಯಾರಿಗೂ ತಪ್ಪಬಾರದು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಯ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟಿತು. ನಮ್ಮ ನಾಲ್ಕು ಜನರ ಮನೆಗೆ ಅದು 220 ಲೀಟರ್, ಎಂದರೆ ಏಳು ಪಾಲಿಗೆ ತುಸು ಹೆಚ್ಚು. ಅಷ್ಟರವರೆಗೆ ದರದ ಭಾರ ಇರಬಾರದು. ಅದರಾಚೆಗೆ ಪ್ರತಿ ಪಾಲಿಗೂ ಬೆಲೆ ಕಾಣಿಸಬೇಕು. ಬಳಕೆ ಏರಿದಂತೆ ದರ ಏರುವ ಹಂತದ ದರಪಟ್ಟಿ ಬೆಂಗಳೂರಿನ ನೀರಿನ ಬಿಲ್ಲಿನಲ್ಲಿದೆ, ತತ್ತ್ವ ಹೊಸದಲ್ಲ. ತೋಟದ ನೀರಿಗೆ ಇದನ್ನು ತರುವುದು ಸುಲಭವಲ್ಲ. ಬಾವಿ ಬತ್ತಿದ ವರ್ಷದಲ್ಲಿ ಮೀಟರಿನ ಮಾತೆತ್ತಿದರೆ ಸಾಲದಲ್ಲಿರುವ ರೈತ ಸಿಟ್ಟಾಗುವುದು ನ್ಯಾಯವೇ. ಆದರೆ ದರ ಹಾಕದೆಯೂ ಸೀಮಾಂತವನ್ನು ಕಾಣಿಸಬಹುದು: ಉಚಿತ ವಿದ್ಯುತ್ತಿನ ಮಿತಿ ನಿಗದಿ ಮಾಡಿ, ಮಿತಿಯೊಳಗೆ ಉಳಿಸಿದ ಪ್ರತಿ ಯೂನಿಟ್ಟಿಗೆ ರೈತನಿಗೆ ಹಣ ಕೊಟ್ಟರೆ, ಕೊನೆಯ ಗಂಟೆಯ ಪಂಪಿಗೆ ಅವನ ಕಣ್ಣಲ್ಲಿ ಒಂದು ಬೆಲೆ ಬರುತ್ತದೆ. ಭದ್ರಾ ಮೇಲ್ದಂಡೆಯ ನೀರು ಬಂದು ಕೆರೆಗಳು ತುಂಬಿದರೂ ಈ ಪ್ರಶ್ನೆ ಉಳಿಯುತ್ತದೆ. ಬೆಲೆ ಸೊನ್ನೆ ಇರುವಲ್ಲಿ ಬಂದ ನೀರೂ ಸೊನ್ನೆ ಸೀಮಾಂತದವರೆಗೆ ಹರಿದುಹೋಗುತ್ತದೆ.

ಅಧ್ಯಾಪಕರಿಗೆ ಒಂದು ಸೂಚನೆ

ಪಠ್ಯವನ್ನು ಬದಲಿಸಲು ಕಾಯಬೇಕಾಗಿಲ್ಲ. ಮುಂದಿನ ಸಲ ಈ ಪಾಠ ಮಾಡುವಾಗ ಸೇಬಿನ ಕೋಷ್ಟಕವನ್ನು ಬರೆಸಿ, ಪರೀಕ್ಷೆಗೆ ಅದು ಬೇಕು. ಆಮೇಲೆ ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಒಂದು ದಿನದ ನೀರನ್ನು ಕೊಡಗಳಲ್ಲಿ ಎಣಿಸಿ, ಯಾವ ಕೊಡ ಯಾವುದಕ್ಕೆ ಹೋಯಿತೆಂದು ಬರೆದು ತರಲಿ. ಒಂದು ಕೊಡ ಕಡಿಮೆಯಾದರೆ ಏನನ್ನು ಬಿಡುತ್ತೀರಿ ಎಂದು ಮನೆಯಲ್ಲಿ ಕೇಳಿಕೊಂಡು ಬರಲಿ. ನಲ್ಲಿ ಬರುವ ದಿನ, ಬಾರದ ದಿನ, ಎರಡೂ ದಿನ ಕೇಳಲಿ. ಉತ್ತರಗಳು ಬೇರೆಯಾಗಿರುತ್ತವೆ. ಆ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಗುರುತು ಹಾಕಿ ಸೇರಿಸಿದರೆ ಇಳಿಯುವ ವಕ್ರರೇಖೆ ತಾನೇ ಮೂಡುತ್ತದೆ. ಹಾಗೆ ಮೂಡಿದ ರೇಖೆಯನ್ನು ವಿದ್ಯಾರ್ಥಿ ಪರೀಕ್ಷೆ ಮುಗಿದ ಮೇಲೂ ಮರೆಯಲಾರ. ಮುಂದೆ ತೋಟದ ಮೋಟರಿನ ಗುಂಡಿ ಅವನ ಕೈಗೇ ಬರುವುದು.